ಚಾರಣಕ್ಕೆ ನೀರಿನ ಫಿಲ್ಟರ್ ಆರಿಸುವ ಕ್ರಮ: ಮೊದಲು ನೀರು, ಆಮೇಲೆ ಉಪಕರಣ

ಫಿಲ್ಟರ್ ಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ದೂರುಗಳು ಮೂರು. ಎರಡನೇ ದಿನಕ್ಕೇ ನೀರು ಇಳಿಯುವುದು ನಿಂತುಹೋಯಿತು. ಸೋಸಿದ ನೀರನ್ನೇ ಕುಡಿದರೂ ಹೊಟ್ಟೆ ಕೆಟ್ಟಿತು. ಜೊತೆಗೆ ಬಂದ ಚೀಲ ದಾರಿಯಲ್ಲಿ ಒಡೆಯಿತು, ಕೈಯಲ್ಲಿದ್ದ ಬೇರೆ ಯಾವ ಬಾಟಲಿಯೂ ಫಿಲ್ಟರಿಗೆ ಕೂರಲಿಲ್ಲ.

ಬಹಳಷ್ಟು ಸಲ ಇವು ಉಪಕರಣದ ದೋಷಗಳಲ್ಲ, ಆರಿಸಿದ ಕ್ರಮದ ದೋಷಗಳು. ತೂಕ ನೋಡಿ, ಹರಿವಿನ ವೇಗ ನೋಡಿ, ಡಬ್ಬಿಯ ಮೇಲಿನ ಒಂಬತ್ತುಗಳ ಸಾಲು (99.9999% ಎಂಬಂಥದ್ದು) ನೋಡಿ ಫಿಲ್ಟರ್ ಕೊಳ್ಳುತ್ತಾರೆ. ಕುಡಿಯಬೇಕಾದ ನೀರು ಎಂಥದ್ದು ಎಂಬುದು ಗೊತ್ತಾಗುವುದು ಹಳ್ಳದ ದಡದಲ್ಲಿ ಕೂತ ಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿ. ಮೊದಲ ನಾಲ್ಕು ಹಂತ ಮುಗಿಯುವವರೆಗೆ ಯಾವ ಮಾದರಿಯ ಹೆಸರನ್ನೂ ಹುಡುಕಬೇಡಿ.

## ಹಂತ 1: ದಾರಿಯ ನೀರನ್ನು ಬರೆದುಕೊಳ್ಳಿ

ನಕ್ಷೆ ತೆಗೆದು ದಾರಿಯುದ್ದಕ್ಕೂ ನೀರು ಸಿಗುವ ಜಾಗಗಳಿಗೆ ಗುರುತು ಹಾಕಿ. ಪ್ರತಿ ಜಾಗದ ಎದುರು ನಾಲ್ಕು ಸಂಗತಿ ಬರೆಯಿರಿ: ನೀರು ಹರಿಯುತ್ತದೆಯೋ ನಿಂತಿದೆಯೋ, ತಿಳಿಯೋ ಬಗ್ಗಡವೋ, ಮೇಲ್ಭಾಗದಲ್ಲಿ ಏನಿದೆ, ಮುಂದಿನ ನೀರು ಎಷ್ಟು ದೂರ. ಆ ದಾರಿಯಲ್ಲಿ ಇತ್ತೀಚೆಗೆ ನಡೆದವರು ಸಿಕ್ಕರೆ ಇದನ್ನೇ ಕೇಳಿ. ‘ನೀರು ಸಿಗುತ್ತದಾ’ ಎಂದಷ್ಟೇ ಕೇಳಿದರೆ ‘ಸಿಗುತ್ತದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ನಾಲ್ಕರಲ್ಲಿ ಹೆಚ್ಚು ತೂಕದ್ದು ಮೂರನೆಯದು. ಮೇಲ್ಭಾಗದಲ್ಲಿ ಕಾಡು ಮಾತ್ರ ಇದ್ದರೆ ಕಾಡುಪ್ರಾಣಿಗಳಿಂದ ಬರುವ ಪರಾವಲಂಬಿಗಳು ಮತ್ತು ಬ್ಯಾಕ್ಟೀರಿಯಾ ಮುಖ್ಯ ಚಿಂತೆ. ದನ, ಕುರಿ ಮೇಯುತ್ತಿದ್ದರೆ ಆ ಚಿಂತೆ ಹೆಚ್ಚುತ್ತದೆ. ಜನವಸತಿ, ಜನ ಕಿಕ್ಕಿರಿಯುವ ಶಿಬಿರದ ಜಾಗ ಅಥವಾ ಶೌಚಾಲಯ ಇದ್ದರೆ ವೈರಸ್ಸೂ ಲೆಕ್ಕಕ್ಕೆ ಬರುತ್ತದೆ. ಮನುಷ್ಯರ ಹೊಟ್ಟೆ ಕೆಡಿಸುವ ವೈರಸ್‌ಗಳು ನೀರಿಗೆ ಸೇರುವುದು ಹೆಚ್ಚಾಗಿ ಮನುಷ್ಯರ ಮಲದಿಂದಲೇ.

ಕೆಲವು ನೀರಿಗೆ ಚಾರಣದ ಯಾವ ಫಿಲ್ಟರೂ ಉತ್ತರವಲ್ಲ. ಅವನ್ನು ಈಗಲೇ ಪಟ್ಟಿಯಿಂದ ಹೊಡೆದುಹಾಕಿ.

ಸಮುದ್ರದ ಹತ್ತಿರದ ಉಪ್ಪುನೀರು: ಕರಗಿದ ಉಪ್ಪು ಫಿಲ್ಟರಿನ ರಂಧ್ರಗಳಲ್ಲಿ ಸಲೀಸಾಗಿ ದಾಟುತ್ತದೆ. ಹಳೆಯ ಗಣಿಗಳ ಕೆಳಗಿನ ನೀರು: ಕಲ್ಲುಗಳ ಮೇಲೆ ಕಿತ್ತಳೆ ಅಥವಾ ತುಕ್ಕಿನ ಬಣ್ಣದ ಲೇಪ ಕಂಡರೆ ಭಾರಲೋಹಗಳು ಇರಬಹುದು. ಗದ್ದೆ, ತೋಟಗಳಿಂದ ಇಳಿದ ನೀರು: ಕೀಟನಾಶಕ, ಗೊಬ್ಬರ ಕರಗಿರುತ್ತದೆ. ಇನ್ನು ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ನೀಲಿ-ಹಸಿರು ಪಾಚಿ ಕಟ್ಟಿದ್ದರೆ ಅದನ್ನು ಮುಟ್ಟಲೇಬೇಡಿ. ಅದು ಬಿಡುವ ವಿಷ ಫಿಲ್ಟರಿಗೆ ಭರವಸೆಯಿಂದ ಸಿಗುವುದಿಲ್ಲ. ಕುದಿಸಿದರೆ ಪಾಚಿಯ ಕೋಶಗಳು ಒಡೆದು ಇನ್ನಷ್ಟು ವಿಷ ನೀರಿಗೆ ಸೇರುತ್ತದೆ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ವಿಷ ಗಟ್ಟಿಯಾಗುತ್ತದೆ. ಇಂಥ ಜಾಗ ಬಂದರೆ ಹಿಂದಿನ ನೀರಿನಲ್ಲೇ ಹೆಚ್ಚು ತುಂಬಿಕೊಂಡು ದಾಟುವ ಯೋಜನೆ ಮಾಡಿ.

## ಹಂತ 2: ಯಾವುದನ್ನು ತಡೆಯಬೇಕು ಎಂದು ನಿರ್ಧರಿಸಿ

ನೀರಿನಲ್ಲಿ ರೋಗ ತರುವವು ಮೂರು ಗುಂಪು. ಅವುಗಳ ಗಾತ್ರವೇ ಫಿಲ್ಟರಿನ ಗಾತ್ರವನ್ನು ಹೇಳುತ್ತದೆ.

ದೊಡ್ಡವು ಪ್ರೊಟೊಜೋವಾ ಎಂಬ ಏಕಕೋಶ ಪರಾವಲಂಬಿಗಳು. ಜಿಯಾರ್ಡಿಯಾದ ಕೋಶ ಸುಮಾರು 8ರಿಂದ 12 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಕ್ರಿಪ್ಟೊಸ್ಪೊರಿಡಿಯಂ 4ರಿಂದ 6 ಮೈಕ್ರಾನ್. ಎರಡೂ ಗಟ್ಟಿ ಕವಚದೊಳಗೆ ತಣ್ಣೀರಿನಲ್ಲಿ ಬಹುಕಾಲ ಬದುಕುತ್ತವೆ. ಕ್ರಿಪ್ಟೊಸ್ಪೊರಿಡಿಯಂ ಕ್ಲೋರಿನ್‌ಗೂ ಅಯೋಡಿನ್‌ಗೂ ಬಗ್ಗುವುದಿಲ್ಲ, ಇದನ್ನು ನೆನಪಿಡಿ. ಎರಡನೆಯ ಗುಂಪು ಬ್ಯಾಕ್ಟೀರಿಯಾ: ಇ. ಕೋಲಿ, ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಕಾಲರಾದ ವಿಬ್ರಿಯೊ ಇತ್ಯಾದಿ. ಇವು ಹೆಚ್ಚಾಗಿ 0.2ರಿಂದ 5 ಮೈಕ್ರಾನ್ ಒಳಗೆ. ಮೂರನೆಯದು ವೈರಸ್: ನೊರೊವೈರಸ್, ರೋಟಾವೈರಸ್, ಹೆಪಟೈಟಿಸ್ ಎ. ಇವು 0.1 ಮೈಕ್ರಾನ್‌ಗಿಂತಲೂ ಚಿಕ್ಕವು; ಹೆಪಟೈಟಿಸ್ ಎ ವೈರಸ್ ಸುಮಾರು 0.03 ಮೈಕ್ರಾನ್ ಮಾತ್ರ.

ಚಾರಣಿಗರು ಹೊರುವ ಬಹುಪಾಲು ಫಿಲ್ಟರ್‌ಗಳ ರಂಧ್ರ 0.1 ಅಥವಾ 0.2 ಮೈಕ್ರಾನ್. ಅಂದರೆ ಮೊದಲೆರಡು ಗುಂಪು ನಿಲ್ಲುತ್ತವೆ, ಮೂರನೆಯದು ದಾಟುತ್ತದೆ. ಇಲ್ಲೇ ಬಹಳ ಜನ ಎಡವುತ್ತಾರೆ. 0.1 ಎಂಬ ಅಂಕಿ ನೋಡಿ ‘ಎಲ್ಲವೂ ನಿಲ್ಲುತ್ತದೆ’ ಎಂದುಕೊಳ್ಳುತ್ತಾರೆ. ನಿಮ್ಮ ಹಂತ 1ರ ಪಟ್ಟಿಯಲ್ಲಿ ಜನವಸತಿಯ ಕೆಳಗಿನ ನೀರು ಒಂದೇ ಒಂದು ಇದ್ದರೂ ಫಿಲ್ಟರ್ ಒಂದೇ ಸಾಲದು. ಮೂರು ದಾರಿಗಳಿವೆ: ವೈರಸ್ ತಡೆಯುವ ಪ್ಯೂರಿಫೈಯರ್, ಫಿಲ್ಟರ್ ಆದ ಮೇಲೆ ನೀರು ಶುದ್ಧ ಮಾಡುವ ಮಾತ್ರೆ ಅಥವಾ ಯುವಿ (ಅತಿನೇರಳೆ) ಬೆಳಕು, ಇಲ್ಲವೇ ಕುದಿಸುವುದು.

ನಿರ್ಜನ ಎತ್ತರದ ತೊರೆಗಳಷ್ಟೇ ನಿಮ್ಮ ದಾರಿಯಲ್ಲಿದ್ದರೆ 0.1 ಅಥವಾ 0.2 ಮೈಕ್ರಾನ್ ಸಾಕು. ಇವೆರಡರ ನಡುವಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

## ಹಂತ 3: ಡಬ್ಬಿಯ ಮೇಲಿನ ಅಂಕಿಗಳನ್ನು ಸರಿಯಾಗಿ ಓದಿ

‘0.2 ಮೈಕ್ರಾನ್’ ಎಂದಿದ್ದರೆ ಪಕ್ಕದಲ್ಲಿ ‘ಅಬ್ಸಲ್ಯೂಟ್’ ಎಂದಿದೆಯೇ ನೋಡಿ. ಹಾಗೆಂದರೆ ಅದಕ್ಕಿಂತ ದೊಡ್ಡ ರಂಧ್ರ ಅದರಲ್ಲಿಲ್ಲ ಎಂದರ್ಥ. ‘ನಾಮಿನಲ್’ ಎಂದಿದ್ದರೆ ಅದು ಸರಾಸರಿಯ ಮಾತು. ಕೆಲವು ರಂಧ್ರಗಳು ದೊಡ್ಡವೇ ಇರಬಹುದು. ಒಂದೆರಡು ಕಡೆ ಕಣ್ಣು ಅಗಲವಾದ ಜರಡಿಯಲ್ಲಿ ಕಲ್ಲು ಕೆಳಗೆ ಬಿದ್ದೇ ಬೀಳುತ್ತದೆ.

ಶೇಕಡಾವಾರು ಅಂಕಿಯನ್ನು ಒಂಟಿಯಾಗಿ ಓದಬೇಡಿ. ಅದು ಯಾವ ಗುಂಪಿಗೆ ಅನ್ವಯಿಸುತ್ತದೆ ಎಂಬುದು ಮುಖ್ಯ. ಪ್ಯೂರಿಫೈಯರ್‌ಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1987ರಲ್ಲಿ ಹೊರತಂದ ಮಾರ್ಗಸೂಚಿ ಇಂದಿಗೂ ಅಳತೆಗೋಲು: ಬ್ಯಾಕ್ಟೀರಿಯಾ 99.9999%, ವೈರಸ್ 99.99%, ಪ್ರೊಟೊಜೋವಾ 99.9% ಕಡಿಮೆಯಾಗಬೇಕು. ಎನ್‌ಎಸ್‌ಎಫ್ ಎಂಬ ಪರೀಕ್ಷಾ ಸಂಸ್ಥೆಯ ಪಿ231 ಎಂಬ ಗುರುತು ಇದೇ ಮಾರ್ಗಸೂಚಿಯನ್ನು ಆಧರಿಸಿದೆ. ಡಬ್ಬಿಯ ಮೇಲೆ ಬ್ಯಾಕ್ಟೀರಿಯಾದ ಅಂಕಿ ದೊಡ್ಡಕ್ಷರದಲ್ಲಿದ್ದು ವೈರಸ್ ಎಂಬ ಪದವೇ ಎಲ್ಲೂ ಇಲ್ಲದಿದ್ದರೆ, ಅದು ವೈರಸ್ ತಡೆಯುವುದಿಲ್ಲ ಎಂದೇ ತಿಳಿಯಿರಿ.

ಎನ್‌ಎಸ್‌ಎಫ್ 42 ಎಂಬ ಗುರುತು ಕಂಡು ಸಮಾಧಾನಪಡಬೇಡಿ. ಅದು ರುಚಿ, ವಾಸನೆ, ಕ್ಲೋರಿನ್‌ಗೆ ಸಂಬಂಧಿಸಿದ್ದು, ರೋಗಾಣುಗಳಿಗಲ್ಲ. ‘ಆಕ್ಟಿವೇಟೆಡ್ ಕಾರ್ಬನ್ ಇದೆ’ ಎಂಬುದೂ ಹಾಗೇ. ಇಂಗಾಲ ರುಚಿ ಸುಧಾರಿಸುತ್ತದೆ, ಕೆಲವು ರಾಸಾಯನಿಕಗಳನ್ನು ಹಿಡಿಯುತ್ತದೆ. ತಾನಾಗಿ ರೋಗಾಣುವನ್ನು ನಿಲ್ಲಿಸುವುದಿಲ್ಲ, ಮತ್ತು ಅದರ ಶಕ್ತಿ ಮುಗಿದದ್ದು ಹೊರಗೆ ಕಾಣುವುದೂ ಇಲ್ಲ.

ಆಯುಸ್ಸಿನ ಲೀಟರ್ ಲೆಕ್ಕ ತಿಳಿನೀರಿನದು. ಬಗ್ಗಡ ನೀರಿನಲ್ಲಿ ಅದರ ಸಣ್ಣ ಪಾಲು ಸಿಕ್ಕರೂ ಹೆಚ್ಚು. ಹರಿವಿನ ವೇಗವೂ ಹೊಸ ಫಿಲ್ಟರಿನ ಮೊದಲ ಲೀಟರಿನದೇ.

## ಹಂತ 4: ಎಷ್ಟು ಜನ, ಎಷ್ಟು ಲೀಟರ್

ನಡೆಯುವ ಒಬ್ಬರಿಗೆ ಕುಡಿಯಲು ದಿನಕ್ಕೆ 2ರಿಂದ 4 ಲೀಟರ್, ಬಿಸಿಲು ಹೆಚ್ಚಿದ್ದರೆ ಇನ್ನೂ ಹೆಚ್ಚು. ಅಡುಗೆಗೆ ಬೇರೆ. ಅಡುಗೆಯ ನೀರು ಹೇಗೂ ಕುದಿಯುವುದರಿಂದ ಅದನ್ನು ಸೋಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಫಿಲ್ಟರಿನ ಶ್ರಮ ಉಳಿಸಿ. ಒಬ್ಬರು ಅಥವಾ ಇಬ್ಬರಾದರೆ ಕೈಯಿಂದ ಹಿಂಡುವ ಫಿಲ್ಟರ್ ಸಾಕು. ನಾಲ್ಕು ಜನರಿಗೆ 12 ಲೀಟರನ್ನು ದಿನವೂ ಹಿಂಡುತ್ತೇನೆ ಎಂದು ಹೊರಟವರ ಕೈ ಮೂರನೇ ಸಂಜೆಗೆ ಸೋಲುತ್ತದೆ. ಆಗ ಯಾರೋ ಒಬ್ಬರು ಸೋಸದ ನೀರು ಕುಡಿಯುತ್ತಾರೆ. ಗುಂಪಿನಲ್ಲಿ ಕೈಗಂಟು ನೋವಿನವರು, ವಯಸ್ಸಾದವರು ಇದ್ದರೆ ಅದನ್ನೂ ಈಗಲೇ ಲೆಕ್ಕ ಹಾಕಿ.

## ಹಂತ 5: ಈಗ ಬಗೆಯನ್ನು ಆರಿಸಿ

ಹಿಂಡುವ ಫಿಲ್ಟರ್. ಒಳಗೆ ಹಾಲೋ ಫೈಬರ್ ಎಂದು ಕರೆಯುವ ಟೊಳ್ಳು ಎಳೆಗಳ ಕಟ್ಟು ಇರುತ್ತದೆ. ನೀರು ಎಳೆಗಳ ಗೋಡೆಯ ರಂಧ್ರಗಳ ಮೂಲಕ ದಾಟಿ ಇನ್ನೊಂದು ಬದಿಗೆ ಬರುತ್ತದೆ. ಸಾಯರ್ ಸ್ಕ್ವೀಜ್, ಕಟಾಡಿನ್ ಬಿಫ್ರೀ, ಪ್ಲಾಟಿಪಸ್ ಕ್ವಿಕ್‌ಡ್ರಾ ಈ ಬಗೆಯವು. ತೂಕ ನೂರು ಗ್ರಾಂ ಆಸುಪಾಸು, ಬಳಕೆ ಸುಲಭ. ತಿಳಿನೀರಿನ ದಾರಿಗೆ, ಒಬ್ಬಿಬ್ಬರಿಗೆ ನನ್ನ ಮೊದಲ ಆಯ್ಕೆ ಇದೇ. ಇದರ ಶತ್ರುಗಳು ಎರಡು: ಬಗ್ಗಡ ಮತ್ತು ಹಿಮಗಟ್ಟುವ ಚಳಿ.

ನೇತುಹಾಕುವ ಫಿಲ್ಟರ್. ಅದೇ ಎಳೆಗಳ ಕಟ್ಟು, ಆದರೆ ಕೈಯ ಬದಲು ಎತ್ತರದಿಂದ ಇಳಿಯುವ ನೀರಿನ ಭಾರವೇ ಕೆಲಸ ಮಾಡುತ್ತದೆ. ಮೇಲಿನ ಚೀಲದಲ್ಲಿ ಹಳ್ಳದ ನೀರು, ಕೆಳಗಿನದರಲ್ಲಿ ಸೋಸಿದ್ದು. ಗುಂಪಿಗೆ, ಒಂದೇ ಕಡೆ ತಂಗುವವರಿಗೆ ಹೇಳಿ ಮಾಡಿಸಿದ್ದು. ಮರಗಳಿಲ್ಲದ ಎತ್ತರದಲ್ಲಿ ನೇತುಹಾಕಲು ಏನು ಸಿಗುತ್ತದೆ ಎಂದು ಮೊದಲೇ ಯೋಚಿಸಿ. ಬಂಡೆಯ ಅಂಚು ಸಾಕಾಗಬಹುದು, ಬಟಾಬಯಲಿನಲ್ಲಿ ಅದೂ ಇರುವುದಿಲ್ಲ.

ಪಂಪು. ಭಾರ, ಬಿಡಿಭಾಗ ಹೆಚ್ಚು. ಆದರೂ ಒಂದು ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ: ಬೆರಳು ಮುಳುಗುವಷ್ಟೇ ಆಳದ ಒರತೆಯಿಂದ, ಬಂಡೆಯ ಸಂದಿನಿಂದ ಕೊಳವೆ ಇಳಿಸಿ ನೀರೆತ್ತುವುದು. ಸೆರಾಮಿಕ್ ಕಡ್ಡಿಯ ಪಂಪುಗಳನ್ನು ದಾರಿಯಲ್ಲೇ ಉಜ್ಜಿ ತೊಳೆದು ಮತ್ತೆ ವೇಗ ಪಡೆಯಬಹುದು; ಬಿದ್ದರೆ ಮಾತ್ರ ಬಿರುಕು ಬಿಡುತ್ತದೆ. ಎಂಎಸ್‌ಆರ್ ಗಾರ್ಡಿಯನ್ 0.02 ಮೈಕ್ರಾನ್‌ನದು, ವೈರಸ್ಸನ್ನೂ ತಡೆಯುತ್ತದೆ, ಪ್ರತಿ ಎಳೆತದಲ್ಲೂ ಸ್ವಲ್ಪ ನೀರು ಹಿಂದಕ್ಕೆ ಹರಿದು ತಾನೇ ತೊಳೆದುಕೊಳ್ಳುತ್ತದೆ. ತೂಕ ಅರ್ಧ ಕಿಲೋ. ಬಗ್ಗಡವೂ ಜನವಸತಿಯೂ ಸೇರಿದ ದೀರ್ಘ ದಾರಿಗೆ ಆ ತೂಕ ಹೊರಲು ಯೋಗ್ಯ.

ಒತ್ತುವ ಬಾಟಲಿ. ಗ್ರೇಲ್ ಜಿಯೋಪ್ರೆಸ್‌ನಂಥವು. ಹೊರಗಿನ ಪಾತ್ರೆಗೆ ನೀರು ತುಂಬಿ, ಒಳಗಿನದನ್ನು ಮೈಭಾರ ಹಾಕಿ ಒತ್ತಬೇಕು. ವೈರಸ್ ಸೇರಿ ಮೂರೂ ಗುಂಪನ್ನು ತಡೆಯುತ್ತದೆ, ಕಾಯಬೇಕಿಲ್ಲ. ಒಂದು ಸಲಕ್ಕೆ ಮುಕ್ಕಾಲು ಲೀಟರಿಗಿಂತ ತುಸು ಕಡಿಮೆ, ಕಾರ್ಟ್ರಿಡ್ಜಿನ ಆಯುಸ್ಸು ಸುಮಾರು 250 ಲೀಟರ್. ಗುಂಪಿಗೆ ಆಗುವುದಿಲ್ಲ.

ಹೀರುವ ಕೊಳವೆ. ಮುಖ್ಯ ಫಿಲ್ಟರಾಗಿ ಇದನ್ನು ಕೊಳ್ಳಬೇಡಿ. ಹಳ್ಳದ ಬಳಿ ಬಗ್ಗಿ ಕುಡಿಯಬಹುದು, ಸೋಸಿದ ನೀರನ್ನು ಹೊತ್ತು ಮುಂದೆ ಹೋಗಲಾಗುವುದಿಲ್ಲ. ಬಾಯಾರಿಕೆ ಆಗುವುದು ನೀರು ಇಲ್ಲದ ಜಾಗದಲ್ಲಿ.

ಯುವಿ ಬೆಳಕು. ಸ್ಟೆರಿಪೆನ್ ಬಗೆಯ ದೀಪ ಒಂದು ಲೀಟರ್ ತಿಳಿನೀರನ್ನು ಸುಮಾರು 90 ಸೆಕೆಂಡಿನಲ್ಲಿ ಮುಗಿಸುತ್ತದೆ, ಮೂರೂ ಗುಂಪಿಗೆ ಅನ್ವಯ. ನೀರು ಕದಡಿದ್ದರೆ ಕಣಗಳ ನೆರಳಿನಲ್ಲಿ ರೋಗಾಣು ಉಳಿಯುತ್ತದೆ. ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ. ಬಾಟಲಿಯ ತಿರುಪಿನ ಸುತ್ತ ಅಂಟಿದ ಹನಿಗೆ ಬೆಳಕು ತಲುಪುವುದೇ ಇಲ್ಲ. ಅದನ್ನು ಒರೆಸಿ ಕುಡಿಯಿರಿ.

ಮಾತ್ರೆ. ನೀರಿಗೆ ಹಾಕುವುದಕ್ಕೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಯನ್ನೇ ಕೊಳ್ಳಿ; ಇದು ಸಾದಾ ಕ್ಲೋರಿನ್ ಅಲ್ಲ. ಬ್ಯಾಕ್ಟೀರಿಯಾ, ವೈರಸ್, ಜಿಯಾರ್ಡಿಯಾಕ್ಕೆ ಅರ್ಧ ಗಂಟೆ, ಕ್ರಿಪ್ಟೊಸ್ಪೊರಿಡಿಯಂಗೆ 4 ಗಂಟೆ. ಅಯೋಡಿನ್ ಮಾತ್ರೆ ಕ್ರಿಪ್ಟೊಸ್ಪೊರಿಡಿಯಂ ಮೇಲೆ ಕೆಲಸ ಮಾಡುವುದಿಲ್ಲ; ಬಸುರಿಯರು, ಥೈರಾಯ್ಡ್ ತೊಂದರೆ ಇರುವವರು ಅದನ್ನು ಬಳಸಲೂಬಾರದು.

ನೀರು ತಿಳಿಯಾಗಿದ್ದೂ ವೈರಸ್ಸಿನ ಅನುಮಾನ ಇರುವ ದಾರಿಗೆ ನಾನು ಹೇಳುವ ಜೋಡಿ ಇದು: ಮೊದಲು ಹಿಂಡುವ ಫಿಲ್ಟರ್, ಆಮೇಲೆ ಆ ನೀರಿಗೆ ಮಾತ್ರೆ. ಕ್ರಿಪ್ಟೊಸ್ಪೊರಿಡಿಯಂ ಫಿಲ್ಟರಿನಲ್ಲೇ ನಿಂತಿರುವುದರಿಂದ 4 ಗಂಟೆ ಕಾಯುವ ಅಗತ್ಯ ಬೀಳುವುದಿಲ್ಲ, ಅರ್ಧ ಗಂಟೆ ಸಾಕು. ಎರಡೂ ಸೇರಿದರೂ ಪಂಪಿಗಿಂತ ಬಹಳ ಹಗುರ.

## ಹಂತ 6: ತಿರುಪು ಮತ್ತು ಚೀಲ

ಫಿಲ್ಟರಿಗಿಂತ ಮೊದಲು ಒಡೆಯುವುದು ಚೀಲ. ಹೊಲಿಗೆಯ ಅಂಚಿನಲ್ಲಿ ಸೀಳುತ್ತದೆ, ಅದೂ ಬಟ್ಟೆ ಹಿಂಡಿದಂತೆ ತಿರುಚಿದಾಗ. ಚೀಲವನ್ನು ಬುಡದಿಂದ ಸುರುಳಿ ಸುತ್ತುತ್ತಾ ಒತ್ತಬೇಕು. ನೀರು ಇಳಿಯುತ್ತಿಲ್ಲ ಎಂದರೆ ಬಲ ಹೆಚ್ಚಿಸಬೇಡಿ. ಫಿಲ್ಟರ್ ತೊಳೆಯಬೇಕಾಗಿದೆ ಎಂದು ಅರ್ಥ.

ಕೊಳ್ಳುವ ಮೊದಲು ತಿರುಪಿನ ಅಳತೆ ಕೇಳಿ. ಸಾಯರ್ ಸ್ಕ್ವೀಜ್‌ನದು 28 ಮಿಲಿಮೀಟರ್, ತಂಪು ಪಾನೀಯದ ಸಾಮಾನ್ಯ ಬಾಟಲಿಗೆ ಕೂರುತ್ತದೆ. ಬಿಫ್ರೀಯದು 42 ಮಿಲಿಮೀಟರ್; ಬಾಯಿ ಅಗಲವಿರುವುದರಿಂದ ನೀರು ತುಂಬುವುದು ಸುಲಭ, ಆದರೆ ಚೀಲ ಒಡೆದರೆ ದಾರಿಯಲ್ಲಿ ಬದಲಿ ಸಿಗುವುದು ಕಷ್ಟ. ಯಾವುದೇ ಕೊಂಡರೂ ಅದೇ ತಿರುಪಿನ ಎರಡನೇ ಚೀಲ ಅಥವಾ ಬಾಟಲಿ ಜೊತೆಗಿರಲಿ.

ತಿರುಪಿನೊಳಗಿನ ರಬ್ಬರ್ ವಾಷರ್ ನೋಡಲು ಕ್ಷುಲ್ಲಕ. ಅದು ಬಿದ್ದುಹೋದರೆ ಹಳ್ಳದ ನೀರು ಪಕ್ಕದಿಂದ ಸೋರಿ ನೇರ ಸೋಸಿದ ಬಾಟಲಿಗೆ ಇಳಿಯುತ್ತದೆ. ಬಿಡಿ ವಾಷರ್ ಎರಡನ್ನು ಔಷಧಿ ಡಬ್ಬಿಯಲ್ಲಿ ಹಾಕಿಡಿ.

## ಹಂತ 7: ಮನೆಯಲ್ಲೇ ಪೂರ್ತಿ ಪರೀಕ್ಷೆ

ಹೊಸ ಫಿಲ್ಟರನ್ನು ಮೊದಲ ಸಲ ತೆರೆಯುವ ಜಾಗ ಕಾಡಲ್ಲ. ಹೊರಡುವ ವಾರ ಮೊದಲು ಇಷ್ಟು ಮಾಡಿ.

1. ಫಿಲ್ಟರನ್ನು ಶುದ್ಧ ನೀರಿನಲ್ಲಿ ನೆನೆಸಿ, ಒಂದೆರಡು ಲೀಟರ್ ಹಾಯಿಸಿ ಚೆಲ್ಲಿ. ಒಣಗಿದ ಎಳೆಗಳಲ್ಲಿ ಗಾಳಿ ಸಿಕ್ಕಿಕೊಂಡು ಮೊದಲಿಗೆ ನೀರು ಬರುವುದೇ ಇಲ್ಲ. ಹಾಳಾಗಿದೆ ಎಂದು ಹೆದರಬೇಡಿ, ಬೆಚ್ಚಗಿನ ನೀರಿನಲ್ಲಿ ಇನ್ನಷ್ಟು ಹೊತ್ತು ನೆನೆಯಲಿ.

2. ಒಂದು ಲೀಟರ್ ಇಳಿಯಲು ಹಿಡಿದ ಸಮಯ ಬರೆದಿಡಿ. ದಾರಿಯಲ್ಲಿ ಫಿಲ್ಟರ್ ಹೇಗಿದೆ ಎಂದು ಹೋಲಿಸಲು ಬೇರೆ ಯಾವ ಅಳತೆಯೂ ನಿಮ್ಮ ಬಳಿ ಇರುವುದಿಲ್ಲ.

3. ಚೀಲ ಕೂರಿಸಿ ತಲೆಕೆಳಗು ಮಾಡಿ ಒತ್ತಿ. ತಿರುಪಿನ ಸುತ್ತ ಒಂದು ಹನಿ ಕಂಡರೂ ವಾಷರ್ ನೋಡಿ.

4. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಊದಿ ನೋಡುವ ಪರೀಕ್ಷೆ ಹೇಳಿದ್ದರೆ ಮಾಡಿ. ನೆನೆದ ಎಳೆಗಳ ಸೂಕ್ಷ್ಮ ರಂಧ್ರಗಳಲ್ಲಿ ನೀರು ಬಿಗಿಯಾಗಿ ಕೂತಿರುತ್ತದೆ; ಬಾಯಿಯ ಗಾಳಿಗೆ ಅದನ್ನು ತಳ್ಳುವ ಬಲವಿಲ್ಲ. ಗಾಳಿ ಸಲೀಸಾಗಿ ಹಾದುಹೋದರೆ ಎಲ್ಲೋ ಎಳೆ ತುಂಡಾಗಿದೆ. ಹಾದುಹೋಗದಿದ್ದರೆ ದೊಡ್ಡ ತೂತು ಇಲ್ಲ ಎಂದಷ್ಟೇ ಅರ್ಥ.

5. ತೊಳೆಯುವುದನ್ನೂ ಒಮ್ಮೆ ಮಾಡಿ ನೋಡಿ. ಕೆಲವಕ್ಕೆ ಸಿರಿಂಜಿನಿಂದ ಹಿಂದುಮುಂದಾಗಿ ನೀರು ನುಗ್ಗಿಸಬೇಕು, ಬಿಫ್ರೀಯಂಥವನ್ನು ನೀರಿನೊಳಗೆ ಅಲ್ಲಾಡಿಸಿ ತೊಳೆಯಬೇಕು. ಒಂದರ ವಿಧಾನ ಇನ್ನೊಂದಕ್ಕೆ ಹಾನಿ. ಸಿರಿಂಜ್ ಬೇಕಾದ ಫಿಲ್ಟರಿನ ಸಿರಿಂಜನ್ನು ತೂಕ ಉಳಿಸಲು ಮನೆಯಲ್ಲಿ ಬಿಟ್ಟು ಹೋಗುವುದು ಬಹಳ ಸಾಮಾನ್ಯವಾದ ತಪ್ಪು.

## ಹಂತ 8: ನೀರಿನ ಬಳಿ ಕೆಲಸದ ಕ್ರಮ

ಸೋಸಿದ ನೀರು ಕುಡಿದೂ ಕಾಯಿಲೆ ಬಿದ್ದವರಲ್ಲಿ ಬಹುಮಂದಿಯ ತಪ್ಪು ಇಲ್ಲಿ ನಡೆದಿರುತ್ತದೆ. ಫಿಲ್ಟರ್ ತನ್ನ ಕೆಲಸ ಮಾಡಿರುತ್ತದೆ; ಹೊರಗಿನ ಒಂದು ಹನಿ ಅದನ್ನು ಹಾಳು ಮಾಡಿರುತ್ತದೆ.

ಹಳ್ಳದ ನೀರಿನ ಚೀಲಕ್ಕೂ ಸೋಸಿದ ನೀರಿನ ಬಾಟಲಿಗೂ ಬಣ್ಣದ ಟೇಪು ಸುತ್ತಿ ಬೇರೆ ಮಾಡಿ. ಕತ್ತಲಲ್ಲಿ, ದಣಿದಾಗ ನೆನಪು ಕೈಕೊಡುತ್ತದೆ, ಟೇಪು ಕೈಕೊಡುವುದಿಲ್ಲ. ಮುಚ್ಚಳಗಳೂ ಬೇರೆಯೇ ಇರಲಿ.

ನೀರು ತೆಗೆಯುವಾಗ ತಳ ಕದಡದಂತೆ, ಮೇಲ್ಮೈಯ ನೊರೆ ಎಲೆ ಸೇರದಂತೆ, ನಡುವಿನ ಪದರದಿಂದ ತೆಗೆಯಿರಿ. ಆಳವಿಲ್ಲದ ಕಡೆ ಚೀಲದ ಬಾಯಿ ಮುಳುಗುವುದಿಲ್ಲ. ಬುಡ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಅಥವಾ ಒಂದು ಲೋಟ ಇದ್ದರೆ ಮೊಗೆದು ತುಂಬಬಹುದು.

ನೀರು ಬಗ್ಗಡವಿದ್ದರೆ ನೇರ ಫಿಲ್ಟರಿಗೆ ಹಾಕಬೇಡಿ. ಪಾತ್ರೆಯಲ್ಲಿ ತುಂಬಿ ಅಲ್ಲಾಡಿಸದೆ ಇಡಿ; ಮರಳು, ಮಣ್ಣು ಗಂಟೆಯೊಳಗೆ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಚೀಲಕ್ಕೆ ಬಗ್ಗಿಸಿ. ಹಿಮನದಿಯಿಂದ ಇಳಿವ ಹಾಲುಬಣ್ಣದ ನೀರು ಇದಕ್ಕೂ ಜಗ್ಗುವುದಿಲ್ಲ. ಬಂಡೆ ತೇಯ್ದ ಆ ಹುಡಿ ರಾತ್ರಿಯಿಡೀ ಇಟ್ಟರೂ ತೇಲುತ್ತಲೇ ಇರಬಹುದು, ಕೆಲವೇ ಲೀಟರಿನಲ್ಲಿ ಎಳೆಗಳನ್ನು ಕಟ್ಟಿಬಿಡುತ್ತದೆ. ಅಂಥ ದಾರಿಗೆ ಪಟಿಕದ ಪುಡಿ ಒಯ್ಯಿರಿ. ನಾಲ್ಕು ಲೀಟರಿಗೆ ಕಾಲು ಟೀ ಚಮಚಕ್ಕಿಂತ ಕಡಿಮೆ ಹಾಕಿ, ಕೆಲವು ನಿಮಿಷ ನಿಧಾನ ಕಲಕಿ ಬಿಟ್ಟರೆ ಹುಡಿ ಉಂಡೆಗಟ್ಟಿ ಕೆಳಗಿಳಿಯುತ್ತದೆ. ಪಟಿಕ ನೀರನ್ನು ತಿಳಿ ಮಾಡುತ್ತದೆ ಅಷ್ಟೇ, ಆಮೇಲೆ ಸೋಸಲೇಬೇಕು. ಇನ್ನೂ ಒಳ್ಳೆಯ ಉಪಾಯ, ಪಕ್ಕದಿಂದ ಬಂದು ಸೇರುವ ತಿಳಿಯಾದ ಸಣ್ಣ ತೊರೆ ಹುಡುಕುವುದು. ಹತ್ತು ನಿಮಿಷದ ನಡಿಗೆ ಇಡೀ ಫಿಲ್ಟರನ್ನು ಉಳಿಸಬಹುದು.

ಸೋಸುವಾಗ ಚೀಲದ ಹೊರಮೈಯ ಹನಿ ಬಾಟಲಿಯ ಬಾಯಿಗೆ ಬೀಳದಂತೆ ಹಿಡಿಯಿರಿ. ಮೊದಲು ಚೀಲ ಒರೆಸಿ, ಆಮೇಲೆ ಬಾಟಲಿ ತೆರೆಯಿರಿ. ಎಲ್ಲಾ ಮುಗಿದ ಮೇಲೆ ಕೈಗೆ ಸೋಪು ಹಾಕಿ, ನೀರಿನಿಂದ ದೂರದಲ್ಲಿ ತೊಳೆಯಿರಿ. ಕಾಡಿನಲ್ಲಿ ಹೊಟ್ಟೆ ಕೆಡುವುದಕ್ಕೆ ನೀರಿನಷ್ಟೇ ಕಾರಣ ತೊಳೆಯದ ಕೈ. ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ. ನಿಮ್ಮ ಕೆಳಗೆ ನೀರು ತುಂಬುವವರು ಬೇರೆ ಇದ್ದಾರೆ.

## ಹಂತ 9: ಹಿಮಗಟ್ಟುವ ರಾತ್ರಿ

ಒಮ್ಮೆ ಬಳಸಿದ ಹಾಲೋ ಫೈಬರ್ ಫಿಲ್ಟರಿನೊಳಗೆ ನೀರು ಉಳಿದೇ ಇರುತ್ತದೆ, ಎಷ್ಟು ಒದರಿದರೂ ಹೋಗುವುದಿಲ್ಲ. ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಳೆಗಳು ಸೀಳುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ, ನೀರು ಎಂದಿನಂತೆ ಬರುತ್ತದೆ, ರುಚಿಯೂ ಬದಲಾಗುವುದಿಲ್ಲ. ನನ್ನ ಮಟ್ಟಿಗೆ ಇದು ಈ ಇಡೀ ವಿಷಯದಲ್ಲಿ ಅತ್ಯಂತ ಅಪಾಯದ ಸಂಗತಿ.

ತಾಪಮಾನ ಸೊನ್ನೆಯ ಹತ್ತಿರ ಬರುವ ಸೂಚನೆ ಇದ್ದರೆ ಫಿಲ್ಟರನ್ನು ನೀರು ಸೋರದ ಚೀಲದಲ್ಲಿ ಹಾಕಿ ಮಲಗುಚೀಲದೊಳಗೆ ಇಟ್ಟುಕೊಳ್ಳಿ. ಹಗಲು ನಡೆಯುವಾಗ ಅಂಗಿಯ ಒಳಜೇಬಿನಲ್ಲಿರಲಿ, ಬೆನ್ನುಚೀಲದ ಹೊರಜೇಬಿನಲ್ಲಲ್ಲ. ಹೆಪ್ಪುಗಟ್ಟಿರಬಹುದು ಎಂಬ ಅನುಮಾನ ಬಂದರೂ ಸಾಕು, ಅದನ್ನು ಅಲ್ಲಿಗೇ ಕೈಬಿಟ್ಟು ಮಾತ್ರೆಗೆ ಅಥವಾ ಒಲೆಗೆ ತಿರುಗಿ. ಪೂರ್ತಿ ಚಳಿಗಾಲದ ದಾರಿಯಾದರೆ ಫಿಲ್ಟರ್ ಒಯ್ಯುವ ಯೋಚನೆಯನ್ನೇ ಬಿಡಿ. ಹಿಮ ಕರಗಿಸಲು ಹೇಗೂ ಒಲೆ ಉರಿಯುತ್ತಿರುತ್ತದೆ, ಅದರಲ್ಲೇ ಕುದಿಸಿ.

## ಹಂತ 10: ಎರಡನೆಯ ದಾರಿ ಇಲ್ಲದೆ ಹೊರಡಬೇಡಿ

ಯಾವ ಫಿಲ್ಟರಿಗೂ ಜೊತೆ ಬೇಕು. ಕ್ಲೋರಿನ್ ಡೈಆಕ್ಸೈಡ್ ಮಾತ್ರೆಯ ಒಂದು ಪಟ್ಟಿ ತೂಕವೇ ಇಲ್ಲದಷ್ಟು ಹಗುರ. ಅವಧಿ ಮುಗಿದಿಲ್ಲ ಎಂದು ನೋಡಿ, ಬಳಸುವವರೆಗೆ ಹೊದಿಕೆ ಹರಿಯಬೇಡಿ. ತೀರ ತಣ್ಣನೆಯ ನೀರಿನಲ್ಲಿ ಕಾಯುವ ಅವಧಿ ಹೆಚ್ಚುತ್ತದೆ, ಲೇಬಲ್ಲಿನಲ್ಲಿ ಹೇಳಿದ್ದನ್ನು ಪಾಲಿಸಿ.

ಒಲೆ ಮತ್ತು ಇಂಧನ ಇದ್ದರೆ ಕುದಿಸುವುದು ಎಲ್ಲಕ್ಕಿಂತ ನೆಚ್ಚಿನದು. ನೀರು ಗುಳ್ಳೆಯೆದ್ದು ಕೊತಕೊತ ಕುದಿಯತೊಡಗಿದ ಮೇಲೆ 1 ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಈ ಹೆಚ್ಚುವರಿ ಸಮಯ. ಹತ್ತಿಪ್ಪತ್ತು ನಿಮಿಷ ಕುದಿಸಬೇಕು ಎಂಬ ಹಳೆಯ ಮಾತಿಗೆ ಇಂಧನ ಸುಡಬೇಡಿ.

## ದಾರಿಯಲ್ಲಿ ಕಾಣುವ ಎಚ್ಚರಿಕೆಯ ಗುರುತುಗಳು

ಫಿಲ್ಟರ್ ನಿಧಾನವಾಗುತ್ತಾ ಹೋದರೆ ಅದು ಕಟ್ಟಿಕೊಳ್ಳುತ್ತಿದೆ. ಕಿರಿಕಿರಿ ನಿಜ, ಆದರೆ ಬರುತ್ತಿರುವ ನೀರು ಸುರಕ್ಷಿತ. ಸೋಸಿದ ನೀರಿನಿಂದಲೇ ತೊಳೆಯಿರಿ. ಹಳ್ಳದ ನೀರನ್ನು ಹಿಂದಿನಿಂದ ನುಗ್ಗಿಸಿದರೆ ಶುದ್ಧ ಬದಿಯೇ ಕೆಡುತ್ತದೆ.

ಫಿಲ್ಟರ್ ಇದ್ದಕ್ಕಿದ್ದಂತೆ ವೇಗ ಪಡೆದರೆ ಸಂತೋಷಪಡಬೇಡಿ. ತೊಳೆಯದೆಯೇ ವೇಗ ಹೆಚ್ಚಿತೆಂದರೆ ಎಳೆ ತುಂಡಾಗಿರಬಹುದು, ವಾಷರ್ ಜಾರಿರಬಹುದು, ಸೆರಾಮಿಕ್ ಬಿರುಕು ಬಿಟ್ಟಿರಬಹುದು. ಕಾರಣ ಸಿಗುವವರೆಗೆ ಆ ನೀರು ಕುಡಿಯಬೇಡಿ. ಸೋಸಿದ ನೀರಿನಲ್ಲಿ ಕದಡು ಕಂಡರೂ, ಫಿಲ್ಟರ್ ಬಂಡೆಯ ಮೇಲೆ ಬಿದ್ದಿದ್ದರೂ ಇದೇ ಮಾತು.

ಕಾಯಿಲೆಯ ಸಮಯವನ್ನೂ ಗಮನಿಸಿ. ನೊರೊವೈರಸ್ ಒಂದೆರಡು ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಕ್ರಿಪ್ಟೊಸ್ಪೊರಿಡಿಯಂಗೆ ವಾರ ಹಿಡಿಯಬಹುದು, ಜಿಯಾರ್ಡಿಯಾಗೆ ಒಂದರಿಂದ ಎರಡು ವಾರ. ಮೊದಲ ದಿನದ ಸಂಜೆ ಹೊಟ್ಟೆ ಕೆಟ್ಟರೆ ಅಂದಿನ ಬೆಳಗಿನ ಹಳ್ಳದಿಂದ ಜಿಯಾರ್ಡಿಯಾ ಬಂತು ಎನ್ನಲಾಗದು. ಮನೆಗೆ ಮರಳಿ ಎರಡು ವಾರದ ಮೇಲೆ ಭೇದಿ, ಹೊಟ್ಟೆಯುಬ್ಬರ ಶುರುವಾಗಿ ನಿಲ್ಲದಿದ್ದರೆ, ಕಾಡಿನ ನೀರು ಕುಡಿದದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಆಗ ಯಾವ ಪರೀಕ್ಷೆ ಬರೆಯಬೇಕೆಂದು ಅವರಿಗೆ ಗೊತ್ತಾಗುತ್ತದೆ.

## ಹಂತ 11: ಮರಳಿದ ಮೇಲೆ

ಒದ್ದೆ ಫಿಲ್ಟರನ್ನು ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಂದ ದಿನವೇ ತಿಳಿನೀರಿನಿಂದ ಹಿಂದುಮುಂದಾಗಿ ಅಥವಾ ಕೈಪಿಡಿ ಹೇಳಿದಂತೆ ತೊಳೆಯಿರಿ. ಆಮೇಲೆ ಪರಿಮಳವಿಲ್ಲದ ಬ್ಲೀಚನ್ನು ಕೈಪಿಡಿಯ ಅಳತೆಯಂತೆ ನೀರಿಗೆ ಬೆರೆಸಿ ಹಾಯಿಸಿ, ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಿಸಿ. ಗಡಸು ನೀರಿನ ಪ್ರದೇಶದಿಂದ ಬಂದಿದ್ದರೆ ಸುಣ್ಣದ ಪದರವೂ ಕಟ್ಟಿರುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಬ್ಲೀಚ್ ಮತ್ತು ವಿನೆಗರನ್ನು ಎಂದೂ ಒಟ್ಟಿಗೆ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಒಂದಾದ ಮೇಲೆ ಚೆನ್ನಾಗಿ ತೊಳೆದು ಇನ್ನೊಂದು.

ಒಂದು ಚೀಟಿಯಲ್ಲಿ ಮೂರು ಸಾಲು ಬರೆದು ಫಿಲ್ಟರಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ: ಅಂದಾಜು ಎಷ್ಟು ಲೀಟರ್ ಹಾಯಿಸಿದ್ದು, ಈಗ ಒಂದು ಲೀಟರಿಗೆ ಹಿಡಿಯುವ ಸಮಯ, ಬಿದ್ದದ್ದು ಅಥವಾ ಚಳಿಗೆ ಸಿಕ್ಕಿದ್ದು ಉಂಟೋ ಇಲ್ಲವೋ. ಮುಂದಿನ ಸಲ ಅದನ್ನು ಇನ್ನೊಬ್ಬರಿಗೆ ಎರವಲು ಕೊಡುವಾಗ ಚೀಟಿಯೂ ಜೊತೆಗೆ ಹೋಗಲಿ.